ಎರಡನೇ ಮೈಕಿನಲ್ಲಿ ಕೇಳಿದ ಮಾತು

2011ರ ವಸಂತದಲ್ಲಿ ನಾನು ಟೆಕ್ಸಾಸ್‌ನ ಲಿಯಾಂಡರ್‌ನಲ್ಲಿದ್ದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಅದುವರೆಗೆ ಕಾಲಿಟ್ಟೇ ಇರದ ಕೆನಡಾ ದೇಶದ ಚುನಾವಣಾ ಜಗಳಗಳನ್ನು ಅಕ್ಷರಕ್ಕಿಳಿಸುತ್ತಿದ್ದೆ. ನನ್ನ ಹುದ್ದೆಯ ಹೆಸರು ರಿಯಲ್‌ಟೈಮ್ ಕ್ಯಾಪ್ಷನರ್. ಟಿವಿಯಲ್ಲೋ ಸಭೆಯಲ್ಲೋ ಜನ ಮಾತಾಡುತ್ತಿದ್ದಂತೆಯೇ ಅವರ ಮಾತು ಪರದೆಯ ಮೇಲೆ ಅಕ್ಷರವಾಗಿ ಓಡುತ್ತದಲ್ಲ, ಅದನ್ನು ಬರೆಯುವವರು ನಾವು. ಯಂತ್ರವೇ ತಾನಾಗಿ ಬರೆದುಕೊಳ್ಳುತ್ತದೆ ಎಂದು ಆಗಲೂ ಬಹಳ ಜನ ತಿಳಿದಿದ್ದರು. ಆ ಕಾಲಕ್ಕೆ ಯಂತ್ರಕ್ಕೆ ಅಷ್ಟು ಬುದ್ಧಿ ಬಂದಿರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಫಿ ಆರಿ ತಣ್ಣಗಾದರೂ ಲೋಟ ಮುಟ್ಟಲಾಗದೆ, ನನ್ನಂಥವಳೊಬ್ಬಳು ಕೂತಿರಲೇಬೇಕಿತ್ತು.

ಈ ಕಸುಬಿಗೆ ನಾನು ಬಂದದ್ದು ಬೆಂಗಳೂರಿನ ವಿಧಾನಸಭೆಯಿಂದ. ಮದುವೆಗೆ ಮುಂಚೆ ಅಲ್ಲಿ ವರದಿಗಾರ್ತಿಯಾಗಿದ್ದೆ. ಪತ್ರಿಕೆಯ ವರದಿಗಾರ್ತಿಯಲ್ಲ, ಸದನದ ನಡುವಿನ ಮೇಜಿನ ಮುಂದೆ ಕೂತು ಸದಸ್ಯರ ಮಾತನ್ನು ಕನ್ನಡ ಶೀಘ್ರಲಿಪಿಯಲ್ಲಿ ಬರೆದುಕೊಂಡು, ಒಳಗೆ ಹೋಗಿ ಅದನ್ನು ಬಿಡಿಸಿ ಟೈಪು ಮಾಡುವ ಸರ್ಕಾರಿ ಕೆಲಸ. ಅಲ್ಲಿನ ಕ್ರಮ ಸುಲಭವಾಗಿತ್ತು. ಸಭಾಧ್ಯಕ್ಷರು ಯಾರನ್ನು ಕರೆದರೋ ಅವರ ಮಾತು ಕಡತಕ್ಕೆ. ಮಿಕ್ಕವರು ಎದ್ದು ನಿಂತು ಗಂಟಲು ಹರಿದುಕೊಂಡರೂ ‘ಗೊಂದಲ’ ಎಂದು ಒಂದು ಪದ ಹಾಕಿದರೆ ನಮ್ಮ ಕರ್ತವ್ಯ ಮುಗಿಯಿತು.

ಮದುವೆಯಾಗಿ ಹ್ಯೂಸ್ಟನ್‌ಗೆ ಬಂದ ಮೇಲೆ ಸ್ಟೆನೋ ಮಷಿನ್ ಕಲಿತೆ. ಇದರಲ್ಲಿ ಇಪ್ಪತ್ತೆರಡೇ ಕೀಗಳು; ಹಾರ್ಮೋನಿಯಂ ಬಾರಿಸುವ ಹಾಗೆ ಹಲವು ಕೀಗಳನ್ನು ಒಟ್ಟಿಗೆ ಒತ್ತಿದರೆ ಒಂದು ಉಚ್ಚಾರ, ಒಂದೊಂದು ಸಲ ಇಡೀ ಪದ ಮೂಡುತ್ತದೆ. ನಿಮಿಷಕ್ಕೆ ಇನ್ನೂರಕ್ಕಿಂತ ಹೆಚ್ಚು ಪದ ಬರೆಯಲಾಗದಿದ್ದರೆ ಪರೀಕ್ಷೆಯಲ್ಲಿ ಪಾಸಿಲ್ಲ. ಕೆಲವು ವರ್ಷ ವಕೀಲರ ಕಚೇರಿಗಳಲ್ಲಿ ಡೆಪೊಸಿಷನ್ ಬರೆದೆ, ಅಂದರೆ ಕೋರ್ಟಿಗೆ ಹೋಗುವ ಮುಂಚೆ ಪ್ರಮಾಣ ಮಾಡಿಸಿ ತೆಗೆದುಕೊಳ್ಳುವ ಸಾಕ್ಷ್ಯ. ಬೆಳಗ್ಗೆ ಯಾವುದೋ ಪೈಪ್‌ಲೈನ್ ಕಂಪನಿಯ ಸಾಕ್ಷಿಯ ಮಾತು ಬರೆದು, ಮಧ್ಯಾಹ್ನ ಇಂಡಿಯನ್ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಸಾಮಾನು ಕೊಂಡು, ಕಾರಿನ ಡಿಕ್ಕಿಯಲ್ಲಿ ಮಷಿನ್ ಪಕ್ಕಕ್ಕೆ ಕರಿಬೇವು, ನುಗ್ಗೆಕಾಯಿ ಇಟ್ಟುಕೊಂಡು ಮನೆಗೆ ಬರುತ್ತಿದ್ದೆ. ಗಂಡ ಗುರುರಾಜನ ಕೆಲಸ ಆಸ್ಟಿನ್‌ಗೆ ಶಿಫ್ಟ್ ಆದಾಗ ನಾವು ಲಿಯಾಂಡರ್‌ನಲ್ಲಿ ಮನೆ ಮಾಡಿದೆವು. ನಾನು ಡಾಲಸ್ ಹತ್ತಿರದ ರಿಚರ್ಡ್‌ಸನ್ ಊರಿನ ಒಂದು ಸಣ್ಣ ಕ್ಯಾಪ್ಷನ್ ಕಂಪನಿಗೆ ಮನೆಯಿಂದಲೇ ಕೆಲಸ ಮಾಡತೊಡಗಿದೆ. ಕಂಪನಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಕೆನಡಾದವರು.

ಈ ಕೆಲಸ ಮಾಡುವವರಿಗೆ ನೆಮ್ಮದಿ ಎನ್ನುವುದು ಇರುವುದಿಲ್ಲ. ಮಷಿನ್ ಮುಂದಿಲ್ಲದಾಗಲೂ ಬೆರಳು ಸುಮ್ಮನಿರುವುದಿಲ್ಲ. ಗುರುರಾಜ ಊಟದ ಮೇಜಿನಲ್ಲಿ ಏನಾದರೂ ಹೇಳುತ್ತಿದ್ದರೆ ನನ್ನ ಬೆರಳು ತೊಡೆಯ ಮೇಲೆ ಅವನ ಮಾತನ್ನು ಬರೆಯುತ್ತಿರುತ್ತಿತ್ತು. ಟ್ರಾಫಿಕ್ಕಿನಲ್ಲಿ ನಿಂತಾಗ ಎದುರಿನ ಬೋರ್ಡುಗಳನ್ನೆಲ್ಲ ಸ್ಟೀರಿಂಗ್ ಮೇಲೆ ಬರೆಯುತ್ತಿದ್ದೆ. ಬಿಡುವಿನ ದಿನ ಇನ್ನೂ ಕಷ್ಟ, ಏನನ್ನೋ ಬಿಟ್ಟುಬಿಟ್ಟೆ ಎಂಬ ದಿಗಿಲು ಬೆಳಗಿನಿಂದಲೇ ಶುರುವಾಗುತ್ತಿತ್ತು.

ನಮ್ಮ ಮೇಲ್ವಿಚಾರಕಿ ಡೆಬ್ರಾ, ಡಾಲಸ್‌ನವಳು, ಎರಡು ದಶಕ ಕೋರ್ಟಿನಲ್ಲಿ ದುಡಿದವಳು. ಅವಳ ಕೈಕೆಳಗೆ ಬಂದ ಮೊದಲ ದಿನವೇ ನನಗೆ ಹೇಳಿದ್ದು, ಕ್ಯಾಪ್ಷನರ್‌ಗೆ ಕಿವಿ ಇದೆ, ಕೈ ಇದೆ, ಬಾಯಿ ಇಲ್ಲ. ಇದನ್ನು ಅವಳು ಅಲಂಕಾರಕ್ಕೆ ಹೇಳಿದ್ದಲ್ಲ. ಸಭೆಯ ಧ್ವನಿ ನಮಗೆ ಬರುತ್ತಿದ್ದದ್ದು ಟೆಲಿಫೋನ್ ಲೈನಿನಲ್ಲಿ. ಅದು ಎರಡು ಕಡೆಗೂ ಹೋಗುವ ಲೈನು. ಸೌಂಡ್ ಚೆಕ್ ಮುಗಿದ ತಕ್ಷಣ ನಾವು ಮ್ಯೂಟ್ ಒತ್ತಬೇಕು, ಸಭೆ ಮುಗಿಯುವ ತನಕ ತೆಗೆಯಬಾರದು. ನಮ್ಮ ಕೆಮ್ಮು, ನಮ್ಮ ಮನೆಯ ಕುಕ್ಕರಿನ ಕೂಗು, ನಮ್ಮ ಅಭಿಪ್ರಾಯ, ಯಾವುದೂ ಅತ್ತ ಕಡೆ ತಲುಪಬಾರದು.

ಆ ವರ್ಷದ ಕೆನಡಾ ರಾಜಕೀಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅವರದ್ದೂ ನಮ್ಮಂಥದ್ದೇ ಸಂಸದೀಯ ವ್ಯವಸ್ಥೆ. ಆಗ 308 ಸ್ಥಾನಗಳ ಸದನ. 155 ಬಂದರೆ ಬಹುಮತ. ಯಾರಿಗೂ ಅಷ್ಟು ಬಾರದಿದ್ದರೆ ದೊಡ್ಡ ಪಕ್ಷ ಅಲ್ಪಮತದಲ್ಲೇ ಸರ್ಕಾರ ನಡೆಸುವುದು ಅಲ್ಲಿನ ರೂಢಿ. 2008ರ ಕೊನೆಯಲ್ಲಿ ವಿರೋಧ ಪಕ್ಷಗಳು ಸೇರಿ ಸಮ್ಮಿಶ್ರ ಸರ್ಕಾರ ಮಾಡಲು ಒಪ್ಪಂದ ಮಾಡಿಕೊಂಡಿದ್ದವು. ಪ್ರಧಾನಿ ಅಧಿವೇಶನವನ್ನೇ ಮುಂದೂಡಿಸಿದರು, ಒಪ್ಪಂದ ಮುರಿದುಬಿತ್ತು. 2011ರ ಮಾರ್ಚ್‌ನಲ್ಲಿ ಅದೇ ಸರ್ಕಾರ ಸದನದ ವಿಶ್ವಾಸ ಕಳೆದುಕೊಂಡು ಚುನಾವಣೆ ಬಂದಾಗ, ಆಡಳಿತ ಪಕ್ಷದ ಬಾಯಲ್ಲಿ ಹಗಲೂ ರಾತ್ರಿ ಒಂದೇ ಮಾತು: ನಮಗೆ ಬಹುಮತ ಕೊಡದಿದ್ದರೆ ಆ ಪಕ್ಷಗಳು ಹಿಂಬಾಗಿಲಿನಿಂದ ಕೂಡಿಕೊಂಡು ಗದ್ದುಗೆ ಹಿಡಿಯುತ್ತವೆ. ವಿರೋಧ ಪಕ್ಷದವರು ಹೆದರಿ, ಮೈತ್ರಿಯ ಮಾತೇ ಇಲ್ಲ ಎಂದು ಆಣೆ ಹಾಕುತ್ತ ಓಡಾಡುತ್ತಿದ್ದರು. ಮೈತ್ರಿ ಬೇಕು ಎಂದು ಮನಸ್ಸಿನಲ್ಲಿದ್ದವರೂ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಸರ್ಕಾರಗಳು ಕೂಡುವುದನ್ನೂ ಬಿಡುವುದನ್ನೂ ಕಣ್ಣಮುಂದೆ ಕಂಡು, ಎರಡನ್ನೂ ಶೀಘ್ರಲಿಪಿಯಲ್ಲಿ ಬರೆದವಳು ನಾನು. ಗುರುರಾಜ ಧಾರವಾಡದವನು, ಅವನಿಗೆ ಇದೊಂದು ದೊಡ್ಡ ತಮಾಷೆಯಾಗಿತ್ತು. ಒಂದು ಸಂಜೆ ಬಾಗಿಲಲ್ಲಿ ನಿಂತು ಅಂದ, “ಇನ್ನೂ ಮದುವಿನೇ ಆಗಿಲ್ಲ, ಆಗಲೇ ಡೈವೋರ್ಸ್ ಸಲುವಾಗಿ ಜಗಳ ಆಡ್ಲಿಕತ್ತಾರಲ್ಲ. ನಮ್ಮ ಕಡೆ ಆಗಿದ್ರ ಇಷ್ಟೊತ್ತಿಗೆ ಎರಡು ಸಲ ಕೂಡಿ ಎರಡು ಸಲ ಬಿಟ್ಟಿರ್ತಿದ್ರು.” ನಾನು ಕೈಯಲ್ಲೇ ಆಚೆ ಹೋಗು ಎಂದೆ, ಪರದೆಯ ಮೇಲೆ ಆಗ ಎರಡು ಪಕ್ಷದವರು ಕಿತ್ತಾಡುತ್ತಿದ್ದರು.

ಏಪ್ರಿಲ್‌ನ ನಡುವೆ ಡೆಬ್ರಾ ಒಂದು ಪುಟ್ಟ ಕೆಲಸ ಕೊಟ್ಟಳು. ಒಂಟಾರಿಯೋ ಪ್ರಾಂತ್ಯದ ಒಂದು ಸಣ್ಣ ಊರಿನ ಸಮುದಾಯ ಭವನದಲ್ಲಿ ಅಭ್ಯರ್ಥಿಗಳ ಸಭೆ. ಮೂರು ಪಕ್ಷದ ಮೂವರು ಅಭ್ಯರ್ಥಿಗಳು, ಒಬ್ಬ ನಿರೂಪಕ, ಜನರಿಂದ ಪ್ರಶ್ನೆ. ಟಿವಿ ಇಲ್ಲ. ಮುಂದಿನ ಸಾಲಿನಲ್ಲಿ ಒಂದು ಲ್ಯಾಪ್‌ಟಾಪ್ ಇಡುತ್ತಾರೆ, ನಾನು ಬರೆದದ್ದು ಅದರಲ್ಲಿ ಮೂಡುತ್ತದೆ. ಓದುವವರು ಒಬ್ಬರೇ. ಅವರ ಹೆಸರು ರುತ್.

ರುತ್ ಆ ಊರಿನ ಶಾಲೆಯಲ್ಲಿ ಬಹಳ ಕಾಲ ಪಾಠ ಹೇಳಿದವರು. ಐವತ್ತು ದಾಟಿದ ಮೇಲೆ ಯಾವುದೋ ಕಾಯಿಲೆಯಿಂದ ಎರಡೂ ಕಿವಿ ಪೂರ್ತಿ ಹೋಗಿತ್ತು. ಮಾತು ಮೊದಲಿನಂತೆಯೇ ಸ್ಪಷ್ಟ, ಆದರೆ ಏನೂ ಕೇಳಿಸುತ್ತಿರಲಿಲ್ಲ. ಸೌಂಡ್ ಚೆಕ್ ಮಾಡುವಾಗ ಅವರು ಮೈಕಿನ ಹತ್ತಿರ ಬಂದು ತಾವಾಗಿಯೇ ನನ್ನೊಡನೆ ಮಾತಾಡಿದರು. ನಾನು ಉತ್ತರವನ್ನು ಬರೆದು ಕಳಿಸಿದೆ. ಮುಖ್ಯ ವಿರೋಧ ಪಕ್ಷಕ್ಕೆ ಅವರು ಹಳೆಯ ಕಾರ್ಯಕರ್ತೆ, ಮನೆಮನೆಗೆ ಚೀಟಿ ಹಂಚಿದವರು. ಕಿವಿ ಹೋದ ಮೇಲೆ ಸಭೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದರು. ಕೊನೆಯ ಬಾರಿ ಹೋದದ್ದು ಹೋದ ಸಲದ ಚುನಾವಣೆಯಲ್ಲಿ; ಆ ಸಭೆಯಲ್ಲಿ ಬೇರೆಯವರು ನಕ್ಕಾಗ ನಕ್ಕು, ಚಪ್ಪಾಳೆ ತಟ್ಟಿದಾಗ ತಟ್ಟಿ, ಏನೂ ತಿಳಿಯದೆ ಮನೆಗೆ ಹೋಗಿದ್ದರಂತೆ. ಈ ಸಲ ಕ್ಯಾಪ್ಷನ್ ಬೇಕೆಂದು ಸಂಘಟಕರ ಹತ್ತಿರ ಹಟ ಹಿಡಿದು ಗೆದ್ದಿದ್ದರು. ಒಬ್ಬರಿಗಾಗಿ ಇಷ್ಟೆಲ್ಲ ಯಾಕೆ ಎಂದು ಸಂಘಟಕರು ಗೊಣಗಿದ್ದೂ ಅವರಿಗೆ ಗೊತ್ತಿತ್ತು. “ಇವತ್ತು ಇದು ಸರಿಯಾಗಿ ನಡೆಯದಿದ್ದರೆ ಇನ್ನು ಮುಂದೆ ನನ್ನನ್ನು ಯಾರೂ ಕರೆಯುವುದಿಲ್ಲ, ನಾನೂ ಬರುವುದಿಲ್ಲ” ಎಂದರು. ಸರಿಯಾಗಿ ನಡೆಯುತ್ತದೆ ಎಂದು ನಾನು ಬರೆದೆ. ನಾನು ಸಾಮಾನ್ಯವಾಗಿ ಇಂಥ ಭರವಸೆ ಕೊಡುವವಳಲ್ಲ.

ಭವನದ ಧ್ವನಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು ಮಾರ್ಕ್ ಎಂಬ ನಡುವಯಸ್ಸಿನ ತಂತ್ರಜ್ಞ. ಒಳ್ಳೆಯ ಕೆಲಸಗಾರ. ಭವನದ ಸ್ಪೀಕರಿನಿಂದ ಬರುವ ಗದ್ದಲದ ಶಬ್ದ ಕೊಡದೆ, ಮೇಜಿನ ಮೇಲಿನ ಮೈಕುಗಳಿಂದ ನೇರವಾಗಿ ನನ್ನ ಲೈನಿಗೆ ಜೋಡಿಸಿದ್ದ; ನಾನು ಮಾತಾಡಿದರೆ ಅದು ಅವನ ಹೆಡ್‌ಫೋನಿಗೆ ಹೋಗುತ್ತಿತ್ತು. ಒಂದನೇ ಮೈಕು ಆಡಳಿತ ಪಕ್ಷದವರದು, ದಪ್ಪ ಗಂಟಲು. ಎರಡನೆಯದು ಮುಖ್ಯ ವಿರೋಧ ಪಕ್ಷದವರದು, ಮೂಗಿನಲ್ಲಿ ಮಾತಾಡುವ ಮನುಷ್ಯ. ಮೂರನೆಯದು ಮೂರನೇ ಪಕ್ಷದ ಮಹಿಳೆಯದು, ಉಸಿರು ತೆಗೆದುಕೊಳ್ಳದೆ ಓಡುವ ಮಾತು. ನನಗೆ ಚಿತ್ರ ಏನೂ ಕಾಣುತ್ತಿರಲಿಲ್ಲ. ದನಿ ಹಿಡಿದೇ ಯಾರೆಂದು ಗುರುತಿಸಿ, ಹೊಸಬರು ಮಾತು ತೆಗೆದಾಗಲೆಲ್ಲ ಹೆಸರು ಹಾಕಬೇಕು. ಎಲ್ಲ ಸರಿಯಾಗಿದೆ ಎಂದು ನೋಡಿ ಮ್ಯೂಟ್ ಒತ್ತಿದೆ.

ಮೊದಲರ್ಧ ಸಾಂಗವಾಗಿ ನಡೆಯಿತು. ಹಾಲಿನ ದರ, ಆಸ್ಪತ್ರೆಯಲ್ಲಿ ಕಾಯುವ ಸರದಿ, ಮುಚ್ಚಿಹೋದ ಒಂದು ಕಾರ್ಖಾನೆ. ಆಮೇಲೆ ಆಡಳಿತ ಪಕ್ಷದ ಅಭ್ಯರ್ಥಿ ಮೈತ್ರಿಯ ವಿಷಯ ಎತ್ತಿದರು. ಪಕ್ಕದ ಈ ಇಬ್ಬರೂ ಎಣಿಕೆಯ ಮರುದಿನ ಕೈ ಕುಲುಕಿಕೊಳ್ಳುತ್ತಾರೆ, ಬೇಕಿದ್ದರೆ ಕೇಳಿ ನೋಡಿ ಎಂದರು. ವಿರೋಧ ಪಕ್ಷದವರು ಇದು ಹಸಿ ಸುಳ್ಳು, ನಮ್ಮ ಪಕ್ಷ ಯಾರ ಜೊತೆಗೂ ಮೈತ್ರಿ ಮಾಡುವುದಿಲ್ಲ ಎಂದು ಎರಡೆರಡು ಸಲ ಹೇಳಿದರು. ಮಹಿಳೆ, ನೀವು ಬೇಡವೆಂದರೆ ನಾವೇನು ನಿಮ್ಮ ಬಾಗಿಲು ಬಡಿಯುತ್ತ ನಿಂತಿಲ್ಲ ಎಂದರು. ಅಲ್ಲಿಗೆ ಮೂವರೂ ಒಟ್ಟಿಗೆ ಶುರುವಾದರು.

ಇಂಥ ಹೊತ್ತಿನಲ್ಲಿ ನಾವು ಒಬ್ಬರನ್ನು ಆರಿಸಬೇಕಾಗುತ್ತದೆ. ಹತ್ತು ಬೆರಳಿಗೆ ಮೂರು ಬಾಯಿಯ ಮಾತು ಹಿಡಿಯದು. ವಿಧಾನಸಭೆಯಾಗಿದ್ದರೆ ‘ಗೊಂದಲ’ ಎಂದು ಬರೆದು ಆರಾಮಾಗಿರುತ್ತಿದ್ದೆ. ಕ್ಯಾಪ್ಷನ್‌ನಲ್ಲಿ ಹಾಗಲ್ಲ, ಓದುವವರು ಆ ಗೊಂದಲದೊಳಗೇ ಕೂತಿರುತ್ತಾರೆ, ಅವರಿಗೆ ಆದಷ್ಟು ಕೊಡಬೇಕು. ದಪ್ಪ ಗಂಟಲಿನವರು ಆಗಲೇ ಹೇಳಿದ್ದನ್ನೇ ಹೇಳುತ್ತಿದ್ದರು. ಎರಡನೇ ಮೈಕಿನಲ್ಲಿ ಮಾತ್ರ ಹೊಸ ಮಾತು ಬಂತು. ಮೂಗಿನ ದನಿ, ಮಹಿಳೆಗೆ ಉತ್ತರವಾಗಿ, “ಈಗಲೇ ಬಾಗಿಲು ಮುಚ್ಚಬೇಡಿ. ಎಣಿಕೆ ಆಗಲಿ, ಆಮೇಲೆ ನಮ್ಮ ಎರಡೂ ಪಕ್ಷ ಕೂತು ಮಾತಾಡಲೇಬೇಕಾಗುತ್ತದೆ.” ನಾನು ಹೆಸರು ಹಾಕಿ ಅದನ್ನು ಬರೆದೆ.

ನನಗೆ ಗೊತ್ತಿಲ್ಲದೆ ಅಲ್ಲಿ ನಡೆದದ್ದು ಇಷ್ಟು. ಗಲಾಟೆ ನಿಲ್ಲಿಸಲು ನಿರೂಪಕರು ಮಾರ್ಕ್‌ಗೆ ಕೈಸನ್ನೆ ಮಾಡಿದ್ದರು. ಮಾರ್ಕ್ ಮೂರೂ ಮೈಕುಗಳನ್ನು ಭವನದ ಸ್ಪೀಕರಿನಿಂದ ಕತ್ತರಿಸಿದ್ದ. ಜನರಿಗೆ ವೇದಿಕೆಯ ಮೇಲೆ ಮೂರು ಬಾಯಿ ಆಡುವುದಷ್ಟೇ ಕಾಣಿಸುತ್ತಿತ್ತು. ಆದರೆ ನನ್ನ ಲೈನು ಮೈಕಿನಿಂದ ನೇರ ಬರುತ್ತಿದ್ದದ್ದು, ಅದನ್ನು ಅವನು ಕತ್ತರಿಸಿರಲಿಲ್ಲ. ಹೆಡ್‌ಫೋನಿನಲ್ಲಿ ಕೂಗೂ ಪಿಸುಮಾತೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಕೇಳಿಸುತ್ತವೆ. ಭವನ ಸುಮ್ಮನಾಗಿದೆ ಎಂದು ನೋಡಲು ನನಗೆ ಕಣ್ಣಿರಲಿಲ್ಲ, ತಿಳಿಯಲು ರುತ್‌ಗೆ ಕಿವಿ ಇರಲಿಲ್ಲ. ಹೀಗೆ ನೂರಾರು ಜನ ಕೂತಿದ್ದ ಸಭೆಯಲ್ಲಿ ಆ ಮಾತು ತಲುಪಿದ್ದು ಏನೂ ಕೇಳಿಸದ ಒಬ್ಬರಿಗೆ ಮಾತ್ರ.

ಮೈಕುಗಳು ಮತ್ತೆ ಬಂದು ಪ್ರಶ್ನೆಗಳು ಶುರುವಾದಾಗ ರುತ್ ಎದ್ದರು. ಅವರ ದನಿಯಲ್ಲಿ ಉತ್ಸಾಹ ತುಂಬಿತ್ತು, ಸಿಕ್ಕಿಹಾಕಿಸುವ ಉದ್ದೇಶ ಕಿಂಚಿತ್ತೂ ಇರಲಿಲ್ಲ. ತಮ್ಮ ಪಕ್ಷದ ಅಭ್ಯರ್ಥಿಯನ್ನೇ ಕೇಳಿದರು, “ಎಣಿಕೆ ಆದ ಮೇಲೆ ಎರಡೂ ಪಕ್ಷ ಕೂತು ಮಾತಾಡಬೇಕಾಗುತ್ತದೆ ಅಂತ ಈಗ ತಾನೇ ಹೇಳಿದಿರಿ. ನನಗೆ ನಿಜವಾಗಿ ಸಂತೋಷವಾಯಿತು. ನಾವು ಇಷ್ಟು ದಿನ ಯಾಕೆ ಅದನ್ನು ಮುಚ್ಚಿಡುತ್ತಿದ್ದೇವೆ?”

ಮೂಗಿನ ದನಿ ಬಹಳ ಮೃದುವಾಗಿ ಬಂತು. “ನಾನು ಹಾಗೆ ಹೇಳಲಿಲ್ಲ, ರುತ್. ಆ ಬರವಣಿಗೆಯಲ್ಲಿ ತಪ್ಪಾಗಿರಬೇಕು, ಇಂಥ ಯಂತ್ರಗಳು ತಪ್ಪು ಮಾಡುತ್ತಲೇ ಇರುತ್ತವೆ. ನಿಮ್ಮದೇನೂ ತಪ್ಪಲ್ಲ.”

ಜನ ನಕ್ಕರು. ಕೆಟ್ಟ ನಗುವಲ್ಲ, ಪಾಪ ಎನ್ನುವ ನಗು, ಅದೇ ನನಗೆ ಸಹಿಸಲಾಗಲಿಲ್ಲ. ಮತ್ತು ಅದನ್ನೂ ನಾನೇ ಬರೆಯಬೇಕಿತ್ತು. ಕ್ಯಾಪ್ಷನ್ ತಪ್ಪು ಮಾಡುತ್ತದೆ ಎಂಬ ಮಾತನ್ನು ಒಂದು ಅಕ್ಷರವೂ ತಪ್ಪದೆ ಬರೆದೆ. ಅದರ ಕೆಳಗೆ ‘ಸಭೆಯಲ್ಲಿ ನಗು’ ಎಂದು ಬರೆದೆ. ಶಬ್ದವಾದರೆ ಬರೆಯಲೇಬೇಕು, ನಿಯಮ ಅದು. ಅದನ್ನು ರುತ್ ಓದುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

ರುತ್ ಕೂರಲಿಲ್ಲ. “ಇಲ್ಲಿ ಬರೆದಿದೆ” ಎಂದರು. ನಿರೂಪಕರು ಸಮಾಧಾನದ ದನಿಯಲ್ಲಿ, ಸಮಯ ಕಡಿಮೆ ಇದೆ, ಮುಂದಿನ ಪ್ರಶ್ನೆಗೆ ಹೋಗೋಣ ಎಂದರು. ಮುಂದಿನ ಸಾಲಿನಲ್ಲಿ ಯಾರೋ, ಸಂಘಟಕರಲ್ಲೇ ಒಬ್ಬರಿರಬೇಕು, ಈ ಸಾಮಾನು ತರಿಸಬೇಡಿ ಎಂದು ಮೊದಲೇ ಹೇಳಿದ್ದೆ ಎನ್ನುವುದು ಪ್ರಶ್ನೆ ಕೇಳುವವರ ಮೈಕಿಗೆ ಸಿಕ್ಕಿತು. ರುತ್ ಸಭೆಯ ಕಡೆ ತಿರುಗಿದರೆಂದು ಕಾಣುತ್ತದೆ, ದನಿ ಸ್ವಲ್ಪ ದೂರವಾಯಿತು. “ನಿಮ್ಮಲ್ಲಿ ಒಬ್ಬರಿಗೂ ಅದು ಕೇಳಿಸಲಿಲ್ಲವೇ?” ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಬರೆಯಲು ಏನೂ ಇಲ್ಲದೆ ನನ್ನ ಬೆರಳು ನಿಂತವು.

ಮೊದಲು ನನ್ನನ್ನೇ ಅನುಮಾನಿಸಿದೆ. ಎರಡನೇ ಮೈಕೇ ಹೌದೇ? ಹೌದು. ಮೂಗಿನ ದನಿಯೇ? ಹೌದು. ಪದ ಬಿಟ್ಟೆನೇ, ಸೇರಿಸಿದೆನೇ? ಇಲ್ಲ. ಹಾಗಾದರೆ ಇಷ್ಟು ಜನಕ್ಕೆ ಯಾಕೆ ಕೇಳಿಸಲಿಲ್ಲ ಎಂಬುದು ತಿಳಿಯಲಿಲ್ಲ. ಟೆಕ್ಸಾಸ್‌ನ ಡೆಪೊಸಿಷನ್‌ನಲ್ಲಿ ಇಂಥ ತಕರಾರು ಬಂದರೆ ವಕೀಲರು ನಮ್ಮ ಕಡೆ ತಿರುಗಿ ಓದಿ ಹೇಳಿ ಎನ್ನುತ್ತಾರೆ, ನಾವು ಓದುತ್ತೇವೆ, ಅಲ್ಲಿಗೆ ತಕರಾರು ಮುಗಿಯುತ್ತದೆ. ವಿಧಾನಸಭೆಯಲ್ಲಾದರೆ ಕಡತ ತರಿಸಿ ನೋಡುತ್ತೇನೆ ಎಂದು ಸಭಾಧ್ಯಕ್ಷರು ಹೇಳುತ್ತಾರೆ. ಇಲ್ಲಿ ಯಾರೂ ಕೇಳಲಿಲ್ಲ. ಬರೆಯುವವಳು ಒಬ್ಬಳು ಇದ್ದಾಳೆ ಎಂಬುದೇ ಅವರ ತಲೆಯಲ್ಲಿರಲಿಲ್ಲ. ನಾನು ಸುಮ್ಮನಿದ್ದರೆ ರುತ್ ಕೂರುತ್ತಾರೆ, ಇನ್ನೆಂದೂ ಏಳುವುದಿಲ್ಲ. ಬಾಯಿ ತೆರೆದರೆ ಡೆಬ್ರಾ ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಎರಡೂ ನಿಚ್ಚಳವಾಗಿ ಕಂಡವು, ಯೋಚಿಸಲು ಹೊತ್ತಿರಲಿಲ್ಲ. ಮ್ಯೂಟ್ ತೆಗೆದೆ.

“ಮಾರ್ಕ್, ನಾನು ಕ್ಯಾಪ್ಷನರ್. ಆ ಮಾತು ಎರಡನೇ ಮೈಕಿನಿಂದ ನನಗೆ ಸ್ಪಷ್ಟವಾಗಿ ಬಂತು. ನಿಮ್ಮ ರೆಕಾರ್ಡಿಂಗ್‌ನಲ್ಲಿ ಇರಬೇಕು.”

ಅವನು ಬೆಚ್ಚಿಬಿದ್ದಿರಬೇಕು, ಏನೋ ಉರುಳಿದ ಶಬ್ದವಾಯಿತು. ಆಮೇಲೆ ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ, ಅಯ್ಯೋ, ಸ್ಪೀಕರ್ ಇಳಿಸಿದ್ದೆ, ನಿಮ್ಮ ಲೈನ್ ಇಳಿಸಿರಲಿಲ್ಲ ಎಂದ. ಅಲ್ಲಿಂದಲೇ ನಿರೂಪಕರಿಗೆ ಕೂಗಿ ವಿಷಯ ಹೇಳಿದ. ನಿರೂಪಕರು, ಅವರು ಮಾತಾಡಲಿ ಎಂದರು. ಮಾರ್ಕ್ ನನ್ನ ಲೈನನ್ನು ಭವನದ ಸ್ಪೀಕರಿಗೆ ಕೊಟ್ಟ. ನನ್ನ ದನಿ ಆ ದೊಡ್ಡ ಕೋಣೆಯ ಗೋಡೆಗೆ ಬಡಿದು ನನ್ನ ಕಿವಿಗೇ ವಾಪಸು ಬಂತು. ಮೈಸೂರಿನ ರಾಗ ಬಿಡದ ನನ್ನ ಇಂಗ್ಲಿಷು ಅಲ್ಲಿ ಎಷ್ಟು ವಿಚಿತ್ರವಾಗಿ ಕೇಳಿಸಿತೋ.

ನಾನು ಹೇಳಿದ್ದು ಕಡಿಮೆ. ನಾನು ಬರೆಯುವವಳು, ನನಗೆ ಮೈಕುಗಳಿಂದ ನೇರವಾಗಿ ಕೇಳಿಸುತ್ತದೆ, ಅವರು ಓದಿದ್ದು ಆಡಿದ ಮಾತೇ. ಅಷ್ಟು ಹೇಳುವಾಗ ಇನ್ನೊಂದು ನಡೆಯಿತು. ರುತ್‌ಗೆ ನನ್ನ ದನಿ ಕೇಳಿಸುವುದಿಲ್ಲವಲ್ಲ. ಆದ್ದರಿಂದ ಬಾಯಿ ಆಡುತ್ತಿದ್ದಂತೆ ಕೈಯೂ ಆಡಿತು. ಅಷ್ಟು ವರ್ಷದಲ್ಲಿ ಸಾವಿರಾರು ಜನರ ಮಾತು ಬರೆದಿದ್ದೆ, ‘ಕ್ಯಾಪ್ಷನರ್’ ಎಂದು ಹೆಸರು ಹಾಕಿ ನನ್ನ ಮಾತನ್ನು ನಾನೇ ಬರೆದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಯಾಕೆಂದು ಈಗಲೂ ಹೇಳಲಾರೆ. ತಕ್ಷಣ ಮ್ಯೂಟ್ ಒತ್ತಿದೆ.

ಮೂಗಿನ ದನಿಯ ಅಭ್ಯರ್ಥಿ, “ಅದು ನಮ್ಮಿಬ್ಬರ ನಡುವಿನ ಮಾತಾಗಿತ್ತು” ಎಂದರು.

ರುತ್ ಅದನ್ನು ಓದಿ ಮುಗಿಸಿ ಹೇಳಿದರು, “ಅದು ನನಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಎಲ್ಲ ಮಾತೂ ಒಂದೇ ಗಾತ್ರದ ಅಕ್ಷರದಲ್ಲಿ ಬರುತ್ತದೆ. ನೀವು ಎಲ್ಲರಿಗೂ ಹೇಳಿದಿರಿ ಅಂದುಕೊಂಡೆ.”

ಆ ಮನುಷ್ಯ ಆಗ ಮಾಡಿದ್ದಕ್ಕೆ ನನಗೆ ಅವರ ಮೇಲೆ ಗೌರವ ಹುಟ್ಟಿತು. ಮೊದಲು ರುತ್ ಅವರ ಕ್ಷಮೆ ಕೇಳಿದರು. ಆಮೇಲೆ ಸಭೆಗೆ, ಹೌದು, ಯಾರಿಗೂ ಬಹುಮತ ಬಾರದಿದ್ದರೆ ಎರಡೂ ಪಕ್ಷ ಮಾತಾಡಬೇಕೆಂಬುದು ನನ್ನ ಅಭಿಪ್ರಾಯ, ಪಕ್ಷದ್ದಲ್ಲ, ಅದನ್ನು ಹೇಳಲು ಹೆದರಿದ್ದೆ ಎಂದರು. ಅಷ್ಟು ಸಾಕಾಗಿತ್ತು. ಆಡಳಿತ ಪಕ್ಷದವರು, ನೋಡಿದಿರಾ, ನಾನೇನು ಹೇಳಿದ್ದೆ ಎಂದು ಮೇಜು ಗುದ್ದಿದರು. ಭವನ ಹೊತ್ತಿಕೊಂಡಿತು. ಹಿಂಬಾಗಿಲು ಎಂದು ಕೆಲವರು, ಸದನದಲ್ಲಿ ಹೆಚ್ಚು ಜನರ ಬೆಂಬಲ ಇದ್ದವರು ಆಳುವುದು ಮುಂಬಾಗಿಲೇ ಎಂದು ಕೆಲವರು. ಅಷ್ಟು ದಿನ ಟಿವಿಯಲ್ಲಿ ನಾನು ಬರೆದಿದ್ದೆಲ್ಲ ಮೈತ್ರಿ ಮಾಡುತ್ತೀರೋ ಇಲ್ಲವೋ ಎಂಬ ಆರೋಪ, ನಿರಾಕರಣೆ. ಮೈತ್ರಿ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳವನ್ನು ಅವತ್ತೇ ಮೊದಲ ಸಲ ಬರೆದೆ.

ಆ ಜಗಳದ ನಟ್ಟನಡುವೆ ರುತ್ ಇದ್ದರು. ಅವರ ಪಕ್ಷದವನೇ ಒಬ್ಬ ಎದ್ದು, ನಿನ್ನ ಬಾಯಿಂದ ಈ ಕ್ಷೇತ್ರ ಕೈತಪ್ಪಿತು ರುತ್ ಎಂದು ಕಿರುಚಿದ. ನಾನು ಅದನ್ನು ಬರೆದೆ. ರುತ್ ಅದನ್ನು ಓದಿ, ಕೈತಪ್ಪಿದ್ದು ನಿನ್ನ ಪುಕ್ಕಲುತನದಿಂದ ಎಂದು ತಿರುಗಿ ಕೊಟ್ಟರು. ಅಕ್ಷರ ಅವರಿಗೆ ಮುಟ್ಟಲು ಎರಡು ಮೂರು ಸೆಕೆಂಡು ತಡವಾಗುತ್ತಿತ್ತು, ಆದ್ದರಿಂದ ಅವರ ಉತ್ತರ ಬರುವಷ್ಟರಲ್ಲಿ ಎದುರಾಳಿ ಬೇರೆ ಮಾತಿಗೆ ಹೋಗಿರುತ್ತಿದ್ದ. ಅವರು ಬಿಡುತ್ತಿರಲಿಲ್ಲ, ಹಿಂದಕ್ಕೆ ಎಳೆದು ತರುತ್ತಿದ್ದರು. ಬೇರೆಯವರ ಮಾತಿನ ಮೇಲೆ ಬಿದ್ದರು, ಬೇರೆಯವರು ಅವರ ಮಾತಿನ ಮೇಲೆ ಬಿದ್ದರು. ಯಾರೂ ಅವರಿಗೆ ಮೃದುವಾಗಿ ಮಾತಾಡಲಿಲ್ಲ, ಪಾಪ ಎನ್ನಲಿಲ್ಲ. ಊರಿನ ಎಲ್ಲರಿಗೂ ಬಿದ್ದ ಹಾಗೆ ಅವರಿಗೂ ಬೈಗುಳ ಬಿತ್ತು. ನನ್ನ ಬೆರಳು ನೋಯುತ್ತಿದ್ದವು, ಹೆಡ್‌ಫೋನಿನೊಳಗೆ ಕಿವಿ ಕಾದಿತ್ತು, ನಾನು ಒಬ್ಬಳೇ ಕೋಣೆಯಲ್ಲಿ ನಗುತ್ತಿದ್ದೆ.

ಮರುದಿನ ಡೆಬ್ರಾ ಫೋನಿನಲ್ಲಿ ಮಾತಾಡಲಿಲ್ಲ, ರಿಚರ್ಡ್‌ಸನ್‌ಗೆ ಬಾ ಎಂದಳು. ಐ-35 ಹೆದ್ದಾರಿಯ ಉದ್ದಕ್ಕೂ ಅವಳಿಗೆ ಹೇಳಬೇಕಾದ ಉತ್ತರಗಳನ್ನು ಸ್ಟೀರಿಂಗ್ ಮೇಲೆ ಬರೆದುಕೊಂಡು ಹೋದೆ, ನಡುದಾರಿಯ ವೇಕೋ ಊರು ದಾಟುವಷ್ಟರಲ್ಲಿ ಒಂದೂ ಸರಿ ಕಾಣಲಿಲ್ಲ. ಕ್ಯಾಪ್ಷನರ್ ಸಭೆಯಲ್ಲಿ ಮಧ್ಯೆ ಬಂದಳು ಎಂದು ಸಂಘಟಕರಿಂದ ದೂರು ಹೋಗಿತ್ತು. ಮಾರ್ಕ್ ಕಳಿಸಿದ ರೆಕಾರ್ಡಿಂಗನ್ನು ಡೆಬ್ರಾ ನನ್ನೆದುರಿಗೇ ಹಾಕಿ, ನನ್ನ ಬರಹವನ್ನು ಪಕ್ಕಕ್ಕಿಟ್ಟುಕೊಂಡು ಕೇಳಿದಳು. ಒಂದು ಪದವೂ ಹೆಚ್ಚುಕಡಿಮೆ ಇರಲಿಲ್ಲ.

“ನಿನ್ನ ಅಕ್ಷರದ ಮೇಲೆ ನನಗೆ ದೂರಿಲ್ಲ, ಬಾಯಿಯ ಮೇಲೆ ಇದೆ” ಎಂದಳು. ನಾನು ಸುಮ್ಮನಿದ್ದಿದ್ದರೆ ಆ ಹೆಂಗಸಿನ ಪರವಾಗಿ ಯಾರು ಹೇಳುತ್ತಿದ್ದರು ಎಂದು ಕೇಳಿದೆ. ಡೆಬ್ರಾ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. ಯಾರೂ ಹೇಳುತ್ತಿರಲಿಲ್ಲ, ಗೊತ್ತು ಎಂದಳು. ಆದರೆ ಇವತ್ತು ಸತ್ಯಕ್ಕಾಗಿ ಬಾಯಿ ತೆರೆದರೆ ನಾಳೆ ಇನ್ನೊಬ್ಬಳು ತನ್ನ ಪಕ್ಷಕ್ಕಾಗಿ ತೆರೆಯುತ್ತಾಳೆ, ಆಮೇಲೆ ನಾವು ಬರೆದದ್ದನ್ನು ಯಾರು ನಂಬುತ್ತಾರೆ ಎಂದಳು. ಅವಳ ಮಾತು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕೆಲಸದಿಂದ ತೆಗೆಯಲಿಲ್ಲ. ರಾಜಕೀಯದ ಕೆಲಸ ಮಾತ್ರ ನನಗೆ ಮತ್ತೆ ಕೊಡಲಿಲ್ಲ. ಉಳಿದ ವರ್ಷವೆಲ್ಲ ಹವಾಮಾನ, ಅಡುಗೆ, ಐಸ್ ಹಾಕಿ ಪಂದ್ಯ ಬರೆದೆ. ಸ್ಪೀಕರ್ ಇಳಿಸಿದರೆ ಕ್ಯಾಪ್ಷನರ್‌ಗೆ ತಿಳಿಸಬೇಕು ಎಂದು ತಂತ್ರಜ್ಞರಿಗೆ ಕೊಡುವ ಸೂಚನೆಯಲ್ಲಿ ಡೆಬ್ರಾ ತಾನೇ ಒಂದು ಸಾಲು ಸೇರಿಸಿದಳು.

ಮೇ ತಿಂಗಳಲ್ಲಿ ಎಣಿಕೆಯಾದಾಗ ಆಡಳಿತ ಪಕ್ಷಕ್ಕೇ ಪೂರ್ಣ ಬಹುಮತ ಬಂತು. ಯಾವ ಎರಡು ಪಕ್ಷವೂ ಕೂತು ಮಾತಾಡುವ ಪ್ರಮೇಯ ಬರಲಿಲ್ಲ. ಇಷ್ಟಕ್ಕಾಗಿ ಅಷ್ಟು ರಂಪವೇ ಎಂದು ಗುರುರಾಜ ನಕ್ಕ. ಆ ಊರಿನ ಕ್ಷೇತ್ರದಲ್ಲಿ ಮೂಗಿನ ದನಿಯವರು ಸೋತರು. ರುತ್ ಬಾಯಿಂದ ಸೋತರೋ, ದೇಶದ ಗಾಳಿಗೆ ಸೋತರೋ ನನಗೆ ತಿಳಿಯದು.

ಶರತ್ಕಾಲದಲ್ಲಿ ಮಾರ್ಕ್ ಬೇರೆ ಕೆಲಸಕ್ಕೆ ಕಂಪನಿಗೆ ಫೋನ್ ಮಾಡಿದಾಗ ಒಂದು ಸಮಾಚಾರ ಹೇಳಿದ. ಊರಿನ ಸೇತುವೆಯ ವಿಷಯಕ್ಕೆ ಸಭೆ ಸೇರಿತ್ತು. ರುತ್ ಕ್ಯಾಪ್ಷನ್ ಕೇಳಿದರು, ಈ ಸಲ ಯಾರೂ ಗೊಣಗಲಿಲ್ಲ. ಅವರು ಬಂದರು, ಸೇತುವೆ ಬೇಡವೆಂದು ವಾದ ಮಾಡಿದರು, ಮತಕ್ಕೆ ಹಾಕಿದಾಗ ಸೋತು ಸಿಟ್ಟಿನಿಂದ ಎದ್ದು ಹೋದರು. ಆ ಸಭೆಗೆ ಬರೆದವಳು ನಾನಲ್ಲ, ಯಾರೋ ಬೇರೆಯವರು. ಅದು ಹಾಗೆಯೇ ಇರಬೇಕಾದದ್ದು.

ಬರೆಯುವವರು ಬಾಯಿ ತೆರೆಯಬಾರದು ಎಂಬ ನಿಯಮವನ್ನು ಆಮೇಲೆ ನಾನು ಹೊಸಬರಿಗೆ ಕಲಿಸಿದ್ದೇನೆ, ಮುರಿದರೆ ಬೈದಿದ್ದೇನೆ. ಆದರೆ ಅದರ ಜೊತೆಗೆ ಇನ್ನೊಂದನ್ನೂ ಹೇಳುತ್ತೇನೆ. ನಾವು ಬರೆದದ್ದನ್ನು ನಂಬಿ ಒಬ್ಬರು ನಾಲ್ಕು ಜನರ ಮುಂದೆ ಎದ್ದು ನಿಂತರೆ, ಅವರು ಸಮಾಧಾನದಿಂದ ಕೂರುವ ತನಕ ನಮ್ಮ ಕೆಲಸ ಮುಗಿದಿರುವುದಿಲ್ಲ.